ಹಳೆ ಮನೆಯ ಬಾತ್‌ರೂಮ್ ನೆಲದ ಟೈಲ್ಸ್ ಬದಲಿಸುವುದು: ಮುಕ್ಕಾಲು ಕೆಲಸ ಟೈಲ್ಸ್ ಕೆಳಗೇ ಇದೆ

ಟೈಲ್ಸ್ ಸಡಿಲವಾಗಿದೆ, ಬಣ್ಣ ಹೋಗಿದೆ, ಕಾಲು ಜಾರುತ್ತದೆ ಎಂದು ಕೆಲಸ ಶುರುವಾಗುತ್ತದೆ. ಒಡೆದು ನೋಡಿದರೆ ತೊಂದರೆ ಇರುವುದು ಕೆಳಗಿನ ಗಾರೆಯಲ್ಲಿ, ತಪ್ಪಿದ ವಾಟದಲ್ಲಿ (ನೀರು ಹರಿಯಲು ನೆಲಕ್ಕೆ ಕೊಡುವ ಇಳಿಜಾರು), ಇಲ್ಲವೇ ಟ್ರ್ಯಾಪಿನ (ನೆಲದ ನೀರು ಹೊರಹೋಗುವ, ವಾಸನೆ ತಡೆಯಲು ತಳದಲ್ಲಿ ನೀರು ನಿಲ್ಲುವ ತೂಬು) ಸುತ್ತ. ಟೈಲ್ಸ್ ಆಗಲಿ ಅದರ ಸಂದಿಗೆ ತುಂಬುವ ಗ್ರೌಟ್ ಆಗಲಿ ನೀರನ್ನು ಪೂರ್ತಿ ತಡೆಯುವುದಿಲ್ಲ. ಸಿಮೆಂಟ್ ಗ್ರೌಟ್ ನೀರು ಹೀರುತ್ತಲೇ ಇರುತ್ತದೆ. ನೀರು ತಡೆಯಬೇಕಾದ್ದು ಕೆಳಗಿನ ವಾಟರ್‌ಪ್ರೂಫಿಂಗ್ ಪದರ, ಹರಿದು ಹೋಗಬೇಕಾದ್ದು ವಾಟದಿಂದ. ಇವೆರಡನ್ನೂ ಮುಟ್ಟದೆ ಬರೀ ಟೈಲ್ಸ್ ಬದಲಿಸಿದರೆ ಹಳೆ ಸೋರಿಕೆಗೆ ಹೊಸ ಮುಚ್ಚಳ ಹಾಕಿದಂತಾಯಿತು.

ಒಡೆಯುವ ಮೊದಲು

ಸುತ್ತಿಗೆಯ ಮರದ ಹಿಡಿಯಿಂದ ಒಂದೊಂದು ಟೈಲನ್ನೂ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಒಂದು ಬಕೆಟ್ ನೀರು ಸುರಿದು, ಎಲ್ಲಿ ನಿಲ್ಲುತ್ತದೆ, ಎತ್ತ ಓಡುತ್ತದೆ ಎಂಬುದನ್ನು ಗಮನಿಸಿ. ಹೊಸ ವಾಟದ ಲೆಕ್ಕ ಇಲ್ಲಿಂದಲೇ ಶುರು.

ಕೆಳಗಿನ ಚಾವಣಿಯಲ್ಲೋ ಪಕ್ಕದ ಗೋಡೆಯಲ್ಲೋ ತೇವ ಕಂಡಿದ್ದರೆ ಅದರ ಮೂಲವನ್ನು ಈಗಲೇ ಪತ್ತೆ ಮಾಡಬೇಕು. ಮೊದಲು ಎರಡು ದಿನ ಬಾತ್‌ರೂಮ್ ಬಳಸಬೇಡಿ, ನೀರಿನ ಸಂಪರ್ಕ ಮಾತ್ರ ಚಾಲೂ ಇರಲಿ. ಆಗಲೂ ತೇವ ಹೆಚ್ಚುತ್ತಲೇ ಇದ್ದರೆ ನಲ್ಲಿಗೆ ನೀರು ತರುವ ಒತ್ತಡದ ಪೈಪು ಸೋರುತ್ತಿದೆ. ಹಾಗಾಗದಿದ್ದರೆ ನೆಲ ಒದ್ದೆಯಾಗದಂತೆ ಒಂದು ಕೊಳವೆಯನ್ನು ನೇರವಾಗಿ ಟ್ರ್ಯಾಪಿನ ಬಾಯಿಗೆ ಇಳಿಸಿ ಹದಿನೈದಿಪ್ಪತ್ತು ನಿಮಿಷ ನೀರು ಬಿಡಿ. ಆಗ ತೇವ ಬಂದರೆ ಟ್ರ್ಯಾಪ್ ಅಥವಾ ಹೊರಹೋಗುವ ಪೈಪಿನ ದೋಷ. ಅದೂ ಅಲ್ಲವೆಂದರೆ ಟ್ರ್ಯಾಪಿನ ಬಾಯಿ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ 25 ಮಿ.ಮೀ. ನೀರು ನಿಲ್ಲಿಸಿ. ಆಗ ತೇವ ಬಂದರೆ ಸೋರುತ್ತಿರುವುದು ನೆಲವೇ. ಒಂದೊಂದು ಪರೀಕ್ಷೆಯ ನಡುವೆ ಒಂದು ದಿನ ಬಿಡುವು ಕೊಡಿ. ಹಳೆ ಗಾರೆ ನೀರನ್ನು ಹಿಡಿದಿಟ್ಟು ತಡವಾಗಿ ಬಿಡುವುದರಿಂದ, ಅವಸರ ಮಾಡಿದರೆ ಒಂದರ ತಪ್ಪು ಇನ್ನೊಂದರ ತಲೆಗೆ ಬರುತ್ತದೆ.

ಹಳೆಯದರ ಮೇಲೆಯೇ ಹೊಸ ಟೈಲ್ಸ್ ಅಂಟಿಸಬಹುದೇ? ಟೊಳ್ಳು ಇಲ್ಲದೆ, ಸೋರಿಕೆ ಇಲ್ಲದೆ, ವಾಟ ಸರಿಯಿದ್ದು, ನೆಲ 10–12 ಮಿ.ಮೀ. ಏರಿದರೂ ಬಾಗಿಲಿಗೂ ಹೊಸಿಲಿಗೂ ಅಡ್ಡಿಯಾಗದಿದ್ದರೆ ಅಂಟಿಸಬಹುದು. ಇಷ್ಟೂ ಸರಿಯಿರುವ ಹಳೆ ಬಾತ್‌ರೂಮ್ ಅಪರೂಪ. ಸಂಶಯ ಇದ್ದರೆ ಒಡೆಯುವುದೇ ಲೇಸು.

ಇನ್ನೊಂದು ಎಚ್ಚರಿಕೆ. 1980ಕ್ಕಿಂತ ಹಿಂದಿನ ವಿನೈಲ್ ಹಾಸು, ಅದರಡಿಯ ಕಪ್ಪು ಅಂಟು, ಕೆಲವೊಮ್ಮೆ ಹಳೆಯ ಟೈಲ್ಸ್ ಅಂಟು ಕೂಡ ಆಸ್ಬೆಸ್ಟಾಸ್ ಕೂಡಿದ್ದಾಗಿರಬಹುದು. ಕಣ್ಣಿಗೆ ಕಂಡು ಗೊತ್ತಾಗುವಂಥದ್ದಲ್ಲ. ಅಂಥ ಪದರ ಸಿಕ್ಕರೆ ಕೆರೆಯಬೇಡಿ, ಉಜ್ಜಬೇಡಿ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಉತ್ತರ ಬಂದ ಮೇಲೆ ಮುಂದಿನ ಮಾತು.

ಎಷ್ಟು ಸಾಮಾನು ಬೇಕು

1.5 × 2.4 ಮೀಟರ್ ಅಳತೆಯ, ಅಂದರೆ 3.6 ಚದರ ಮೀಟರಿನ ಬಾತ್‌ರೂಮ್ ಇಟ್ಟುಕೊಂಡು ಲೆಕ್ಕ ಹಾಕೋಣ. ಗೋಡೆಯ ಕೆಳಗಿನ ಒಂದು ಸಾಲು ಟೈಲ್ಸನ್ನೂ ತೆಗೆಯಲೇಬೇಕು (ಕಾರಣ ಮುಂದೆ ಬರುತ್ತದೆ). ಬಾಗಿಲು ಬಿಟ್ಟು 7 ಮೀಟರ್ ಸುತ್ತಳತೆಗೆ 300 ಮಿ.ಮೀ. ಎತ್ತರ ಎಂದರೆ ಅದು 2.1 ಚದರ ಮೀಟರ್. ಒಟ್ಟು 5.7.

300 × 300 ಮಿ.ಮೀ. ಟೈಲ್ಸ್ ನೆಲಕ್ಕೆ 40, ಗೋಡೆಯ ಸಾಲಿಗೆ 24. ಚಿಕ್ಕ ಕೋಣೆಯಲ್ಲಿ ಕತ್ತರಿಸುವುದು ಜಾಸ್ತಿ, ಹಾಗಾಗಿ ಶೇ. 15 ಸೇರಿಸಿ 74 ತನ್ನಿ. ಎಲ್ಲ ಡಬ್ಬಿಗಳ ಬ್ಯಾಚ್ ಸಂಖ್ಯೆ, ಶೇಡ್ ಸಂಖ್ಯೆ ಒಂದೇ ಇರಬೇಕು. ಬೇರೆ ಬ್ಯಾಚಾದರೆ ಬಣ್ಣವಷ್ಟೇ ಅಲ್ಲ, ಅಳತೆಯೂ ಅರ್ಧ ಒಂದು ಮಿ.ಮೀ. ಆಚೀಚೆ ಆಗಿ ಸಂದಿಗಳು ಸಾಲು ತಪ್ಪುತ್ತವೆ. ನೆಲಕ್ಕೆ ಶೇ. 0.5ಕ್ಕಿಂತ ಕಡಿಮೆ ನೀರು ಹೀರುವ, ಮೇಲ್ಮೈ ಒರಟಾಗಿರುವ ವಿಟ್ರಿಫೈಡ್ ಟೈಲ್ಸ್ ಆರಿಸಿ. ಜಾರುವಿಕೆಗೆ ದರ್ಜೆ ಬರೆದಿದ್ದರೆ ಬರಿಗಾಲಿನ ಒದ್ದೆ ನೆಲಕ್ಕೆಂದಿರುವ ಬಿ ಅಥವಾ ಸಿ ದರ್ಜೆ ನೋಡಿ. ಗೋಡೆಗೆಂದು ಮಾಡಿದ ಹೊಳಪಿನ ಟೈಲ್ಸ್ ಎಷ್ಟೇ ಚೆಂದವಿದ್ದರೂ ನೆಲಕ್ಕೆ ಬೇಡ.

ಇಡೀ ನೆಲ ಒಂದೇ ತೂಬಿನತ್ತ ಇಳಿಯಬೇಕಾದ್ದರಿಂದ 600 × 600ರಂಥ ದೊಡ್ಡ ಹಾಳೆ ಇಲ್ಲಿ ಹೊಂದುವುದಿಲ್ಲ. ಎರಡು ದಿಕ್ಕಿಗೆ ವಾಟ ಇರುವ ಕಡೆ ದೊಡ್ಡ ಟೈಲ್ ಒಂದು ಮೂಲೆ ಎತ್ತಿಕೊಂಡೇ ಕೂರುತ್ತದೆ.

ಅಂಟು, ಅಂದರೆ ಟೈಲ್ ಅಡೆಸಿವ್, ಚದರ ಮೀಟರಿಗೆ 4–5 ಕೆ.ಜಿ. ಬೇಕು. 20 ಕೆ.ಜಿ.ಯ ಎರಡು ಚೀಲ ಸಾಕು. ವಿಟ್ರಿಫೈಡ್ ಟೈಲ್ಸ್‌ಗೆ ಪಾಲಿಮರ್ ಬೆರೆತ, ಸಿ2 ದರ್ಜೆಯದೇ ಆಗಬೇಕು. ಬರೀ ಸಿಮೆಂಟ್ ಹಾಲು (ನೀರಿನಲ್ಲಿ ತೆಳುವಾಗಿ ಕಲಸಿದ ಸಿಮೆಂಟ್) ಹಿಡಿಯುವುದು ಟೈಲಿನ ರಂಧ್ರಗಳೊಳಗೆ ಹೋಗಿ. ವಿಟ್ರಿಫೈಡ್‌ನಲ್ಲಿ ರಂಧ್ರಗಳೇ ಇಲ್ಲದಷ್ಟು ಕಡಿಮೆ, ಆದ್ದರಿಂದ ಸಿಮೆಂಟ್ ಹಾಲಿನ ಮೇಲೆ ಕೂರಿಸಿದ್ದು ಕೆಲವೇ ವರ್ಷಗಳಲ್ಲಿ ಬಿಟ್ಟುಕೊಳ್ಳುತ್ತದೆ.

ಗ್ರೌಟಿನ ಲೆಕ್ಕ ಹೀಗೆ: ಟೈಲಿನ ಉದ್ದ ಅಗಲಗಳನ್ನು ಕೂಡಿ, ಅವುಗಳ ಗುಣಲಬ್ಧದಿಂದ ಭಾಗಿಸಿ, ಅದನ್ನು ಸಂದಿಯ ಅಗಲ, ಟೈಲಿನ ದಪ್ಪ, ಮತ್ತು 1.6ರಿಂದ ಗುಣಿಸಿ. ಅಳತೆಗಳೆಲ್ಲ ಮಿ.ಮೀ.ಯಲ್ಲಿದ್ದರೆ ಉತ್ತರ ಚದರ ಮೀಟರಿಗೆ ಇಷ್ಟು ಕೆ.ಜಿ. ಎಂದು ಬರುತ್ತದೆ. 300 × 300, 8 ಮಿ.ಮೀ. ದಪ್ಪ, 3 ಮಿ.ಮೀ. ಸಂದಿಗೆ ಸುಮಾರು 0.26 ಕೆ.ಜಿ. ನಮ್ಮ ಕೋಣೆಗೆ ಒಂದೂವರೆ ಕೆ.ಜಿ., ಎರಡು ಕೆ.ಜಿ. ಪ್ಯಾಕೆಟ್ ತಂದರೆ ಆಯಿತು.

ಒಡೆಯುವುದು

ಮೊದಲು ಬಾತ್‌ರೂಮಿನ ವಿದ್ಯುತ್ ಸರ್ಕ್ಯೂಟ್ ಆಫ್ ಮಾಡಿ, ನೀರಿನ ವಾಲ್ವ್ ಮುಚ್ಚಿ. ಕಮೋಡ್ ನೆಲದ ಮೇಲೆ ಕೂತದ್ದಾದರೆ ಫ್ಲಶ್ ಮಾಡಿ, ಉಳಿದ ನೀರನ್ನು ಸ್ಪಂಜಿನಿಂದ ಹೀರಿ, ಸಂಪರ್ಕ ಕಳಚಿ, ನೆಲದ ಬೋಲ್ಟುಗಳನ್ನು ಬಿಚ್ಚಿ ಎತ್ತಿ. ಹಳೆ ಕಾಲದಲ್ಲಿ ಬುಡಕ್ಕೆ ಸಿಮೆಂಟ್ ಹಾಕಿ ಕೂರಿಸಿದ್ದರೆ ಅದು ಒಡೆಯದೆ ಬರುವ ಸಂಭವ ಕಡಿಮೆ, ಹೊಸದರ ಖರ್ಚನ್ನು ಮೊದಲೇ ಹಿಡಿದಿರಿ. ತೆಗೆದ ಮೇಲೆ ಗೋಡೆಯಿಂದ ಹೊರಪೈಪಿನ ನಡುಬಿಂದುವಿನವರೆಗಿನ ದೂರ ಅಳೆದು ಬರೆದಿಟ್ಟುಕೊಳ್ಳಿ. ಹೊಸ ಕಮೋಡ್ ಕೊಳ್ಳುವಾಗ ಬೇಕಾದ ಅಳತೆ ಅದೇ. ತೆರೆದ ಪೈಪುಗಳ ಬಾಯಿಗೆ ಬಟ್ಟೆ ತುರುಕಿ ಟೇಪ್ ಸುತ್ತಿ. ಒಂದು ಹಿಡಿ ಗಾರೆಚೂರು ಟ್ರ್ಯಾಪಿಗೆ ಬಿದ್ದರೂ ಆಮೇಲೆ ತೆಗೆಯುವುದು ಕಷ್ಟ.

ಗೋಡೆಯ ಕೆಳಸಾಲು ತೆಗೆಯಬೇಕಾದ ಕಾರಣ ಇದು: ವಾಟರ್‌ಪ್ರೂಫಿಂಗ್ ಪದರ ನೆಲದಲ್ಲೇ ನಿಂತರೆ ಗೋಡೆ ನೆಲ ಸೇರುವ ಮೂಲೆಯೇ ತೂತಾಗಿ ಉಳಿಯುತ್ತದೆ. ಪದರ ಗೋಡೆಯ ಮೇಲೆ ಕನಿಷ್ಠ 150 ಮಿ.ಮೀ. ಏರಲೇಬೇಕು. ಗೋಡೆ ಟೈಲ್ಸ್ ಹಾಗೇ ಇಟ್ಟು ನೆಲ ಮಾತ್ರ ಕಿತ್ತವರ ಮನೆಯಲ್ಲಿ ಮತ್ತೆ ಸೋರುವುದು ಈ ಮೂಲೆಯಿಂದಲೇ. ಉಳಿಯಬೇಕಾದ ಸಾಲಿನ ಕೆಳಗಿನ ಸಂದಿಯನ್ನು ಗ್ರೈಂಡರಿನಿಂದ ಪೂರ್ತಿ ಸೀಳಿ. ಆಗ ಉಳಿಯೇಟಿನ ಕಂಪನ ಮೇಲಿನ ಟೈಲ್ಸ್‌ಗೆ ದಾಟುವುದಿಲ್ಲ. ಗೋಡೆಯೊಳಗೆ ಪೈಪು, ವೈರು ಎಲ್ಲಿವೆ ಎಂದು ತಿಳಿದೇ ಬ್ಲೇಡು ಇಳಿಸಿ.

ನೆಲದಲ್ಲಿ, ಟೊಳ್ಳು ಎಂದು ಗುರುತು ಹಾಕಿದ ಕಡೆಯಿಂದ ಶುರು ಮಾಡಿ. ಒಂದು ಟೈಲ್ ಪುಡಿಮಾಡಿ ಬಾಯಿ ತೆರೆದರೆ, ಪಕ್ಕದ್ದರ ಅಡಿಗೆ ಉಳಿಯನ್ನು 30 ಡಿಗ್ರಿಯಷ್ಟು ಓರೆಯಾಗಿ ಹಿಡಿದು ಹೊಡೆಯಬಹುದು. ನೆಟ್ಟಗೆ ಹಿಡಿದರೆ ಟೈಲ್ ಏಳುವ ಬದಲು ಸ್ಲ್ಯಾಬಿಗೆ ಗುಳಿ ಬೀಳುತ್ತದೆ. ಯಂತ್ರ ಬಳಸುವುದಾದರೆ 5 ಕೆ.ಜಿ. ಆಸುಪಾಸಿನದು ಸಾಕು. ರಸ್ತೆ ಒಡೆಯುವ ಭಾರಿ ಬ್ರೇಕರನ್ನು ಹಳೆ ಸ್ಲ್ಯಾಬಿನ ಮೇಲೆ ಓಡಿಸಬೇಡಿ, ಕೆಳಗಿನ ಚಾವಣಿಯ ಗಿಲಾವು ಉದುರುತ್ತದೆ. ಟ್ರ್ಯಾಪಿನ ಸುತ್ತ ಒಂದು ಅಡಿ ಜಾಗವನ್ನು ಕೈ ಉಳಿಯಿಂದಲೇ ಬಿಡಿಸಿ.

ಧೂಳಿನ ವಿಷಯದಲ್ಲಿ ಉದಾಸೀನ ಬೇಡ. ಗಾರೆ, ಟೈಲ್ಸ್ ಎರಡರಲ್ಲೂ ಸಿಲಿಕಾ ಇದೆ. ಅದರ ಸಣ್ಣ ಕಣ ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಮುಖಕ್ಕೆ ಸರಿಯಾಗಿ ಅಂಟುವ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್, ಕನ್ನಡಕ ಬೇಕೇ ಬೇಕು, ಮತ್ತು ಒಡೆಯುವ ಜಾಗಕ್ಕೆ ನೀರು ಚಿಮುಕಿಸುತ್ತಲೇ ಇರಬೇಕು. ಮುಖಕ್ಕೆ ಕರ್ಚೀಫು ಕಟ್ಟಿಕೊಂಡರೆ ಏನೂ ಉಪಯೋಗವಿಲ್ಲ.

50 ಮಿ.ಮೀ. ಗಾರೆಯೂ ಸೇರಿ ಹೊರಹೋಗುವ ರಾಶಿ ಈ ಚಿಕ್ಕ ಕೋಣೆಯಿಂದಲೇ 420 ಕೆ.ಜಿ. ದಾಟುತ್ತದೆ. 20 ಕೆ.ಜಿ. ಮೀರದ ಹಾಗೆ ಚೀಲ ತುಂಬಿದರೆ ಇಪ್ಪತ್ತೊಂದೋ ಇಪ್ಪತ್ತೆರಡೋ ಆಗುತ್ತವೆ. ಎಲ್ಲವನ್ನೂ ಕೋಣೆಯ ಹೊರಗೆ ಒಂದೇ ಕಡೆ ಗುಡ್ಡೆ ಹಾಕಬೇಡಿ, ಅಲ್ಲಿನ ನೆಲಕ್ಕೂ ತಾಳುವ ಮಿತಿ ಇದೆ.

ಕೆಳಗೆ ಏನು ಸಿಗುತ್ತದೆ

ಗಟ್ಟಿ ಕಾಂಕ್ರೀಟ್ ಸಿಕ್ಕರೆ ಅದೃಷ್ಟ. ಕೆಲವು ಮನೆಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನೇ ತಗ್ಗಿಸಿ, ಪೈಪುಗಳನ್ನು ಎಳೆದು, ಇಟ್ಟಿಗೆ ಚೂರು ತುಂಬಿ ಮುಚ್ಚಿರುತ್ತಾರೆ. ಆ ತುಂಬು ಒದ್ದೆಯಾಗಿದ್ದರೆ ಮೇಲಿನಿಂದ ಏನು ಬಳಿದರೂ ಪ್ರಯೋಜನವಿಲ್ಲ. ಪೂರ್ತಿ ಖಾಲಿ ಮಾಡಿ, ಒಣಗಿಸಿ, ತಳದ ಸ್ಲ್ಯಾಬಿಗೂ ಒಮ್ಮೆ ವಾಟರ್‌ಪ್ರೂಫಿಂಗ್ ಮಾಡಿ, ಪೈಪುಗಳನ್ನು ಪರೀಕ್ಷಿಸಿದ ಮೇಲೆಯೇ ಮತ್ತೆ ತುಂಬಬೇಕು. ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಂಡರೆ ಕೆಲಸ ನಿಲ್ಲಿಸಿ ಎಂಜಿನಿಯರಿಗೆ ತೋರಿಸಿ, ಅದನ್ನು ಟೈಲ್ಸ್ ಕೆಳಗೆ ಮುಚ್ಚಿಡಬೇಡಿ.

ಮರದ ತೊಲೆಗಳ ಮೇಲೆ ನಿಂತ ನೆಲವಾದರೆ ಲೆಕ್ಕವೇ ಬೇರೆ. ಕಮೋಡಿನ ಸುತ್ತ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗಿಳಿದರೆ ಹಲಗೆ ಕೊಳೆತಿದೆ, ಅಷ್ಟೂ ಭಾಗ ಕತ್ತರಿಸಿ ಬದಲಿಸಬೇಕು. ನಡೆದಾಗ ಬಾಗುವ ನೆಲದ ಮೇಲೆ ಯಾವ ಟೈಲೂ ನಿಲ್ಲುವುದಿಲ್ಲ. ತೊಲೆಯ ಬಾಗು ಅದರ ಹರವಿನ 360ರಲ್ಲಿ ಒಂದು ಪಾಲು ಮೀರಬಾರದು ಎಂಬುದು ಸಾಮಾನ್ಯ ನಿಯಮ. ಮರದ ಮೇಲೆ ನೇರವಾಗಿ ಟೈಲ್ಸ್ ಅಂಟಿಸದೆ, ನಡುವೆ ಸಿಮೆಂಟ್ ಬೋರ್ಡ್ ಹಾಕಬೇಕು.

ನೆಲ ತೆರೆದಿರುವಾಗಲೇ ಹಳೆ ಟ್ರ್ಯಾಪ್ ಬದಲಿಸಿಬಿಡಿ. ಬೀಡುಕಬ್ಬಿಣದ್ದಾಗಲಿ ಮಣ್ಣಿನದಾಗಲಿ, ಹತ್ತಾರು ವರ್ಷ ಕಳೆದ ಟ್ರ್ಯಾಪಿನ ಜೋಡಣೆಯನ್ನು ನಂಬುವುದು ತರವಲ್ಲ. ಹೊಸದರಲ್ಲಿ 50 ಮಿ.ಮೀ. ನೀರು ನಿಲ್ಲುವಂತಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ನೀರು ಬೇಗ ಆರಿ ಒಳಗಿನ ವಾಸನೆ ಕೋಣೆಗೆ ಬರುತ್ತದೆ. ಟ್ರ್ಯಾಪ್ ಕೂರಿಸುವ ಎತ್ತರ ನಿರ್ಧರಿಸುವಾಗ ಗಾರೆ, ಅಂಟು, ಟೈಲ್ ಮೂರರ ದಪ್ಪವನ್ನೂ ಕೂಡಿ ಲೆಕ್ಕ ಹಾಕಿ. ಕೊನೆಯಲ್ಲಿ ಜಾಲರಿ ಟೈಲ್ಸಿಗಿಂತ 2–3 ಮಿ.ಮೀ. ಕೆಳಗೇ ಇರಬೇಕು. ಮೇಲಿದ್ದರೆ ಅದರ ಸುತ್ತ ಸದಾ ಒಂದು ಉಂಗುರದಷ್ಟು ನೀರು ನಿಂತು ಪಾಚಿ ಕಟ್ಟುತ್ತದೆ.

ವಾಟದ ಗಾರೆ

ವಾಟ 80ಕ್ಕೆ 1ಕ್ಕಿಂತ ಕಡಿಮೆ ಬೇಡ, ಸ್ನಾನದ ಜಾಗದಲ್ಲಿ 60ಕ್ಕೆ 1 ಒಳ್ಳೆಯದು. ಅಂದರೆ ಒಂದು ಮೀಟರಿಗೆ 12ರಿಂದ 17 ಮಿ.ಮೀ. ಇಳಿತ. ನಮ್ಮ ಕೋಣೆಯಲ್ಲಿ ಟ್ರ್ಯಾಪ್ ಒಂದು ಮೂಲೆಯಲ್ಲಿದ್ದರೆ ಎದುರು ಮೂಲೆ 2.83 ಮೀಟರ್ ದೂರ, 80ಕ್ಕೆ 1ರಂತೆ ಅದು ಟ್ರ್ಯಾಪಿಗಿಂತ 35 ಮಿ.ಮೀ. ಮೇಲಿರಬೇಕು. ಟ್ರ್ಯಾಪಿನ ಬಳಿ ಗಾರೆ 25 ಮಿ.ಮೀ. ದಪ್ಪವಾದರೆ ಆ ಮೂಲೆಯಲ್ಲಿ 60 ಮಿ.ಮೀ. ಆ 60ರ ಮೇಲೆ ಅಂಟು, ಟೈಲ್ ಬಂದ ಮೇಲೂ ಬಾಗಿಲ ಬಳಿಯ ನೆಲ ಹೊರಗಿನ ನೆಲಕ್ಕಿಂತ ಕನಿಷ್ಠ 12 ಮಿ.ಮೀ. ತಗ್ಗಿರುತ್ತದೆಯೇ ಎಂದು ಮೊದಲೇ ನೋಡಿ. ಇರದಿದ್ದರೆ ಟ್ರ್ಯಾಪನ್ನೇ ಇನ್ನಷ್ಟು ಕೆಳಗಿಳಿಸಬೇಕು. ಗಾರೆ ತೆಳುವಾಗಿಸಿ ಹೊಂದಿಸಲು ಹೋಗಬೇಡಿ.

ಗೋಡೆಯ ಸುತ್ತ ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಒಂದೇ ಮಟ್ಟದ ಗೆರೆ ಎಳೆಯಿರಿ, ಅದರಿಂದ ಕೆಳಗೆ ಎಲ್ಲೆಲ್ಲಿ ಎಷ್ಟು ಎಂದು ಅಳೆದು ಗುರುತಿಡಿ. ಸ್ಲ್ಯಾಬನ್ನು ಗುಡಿಸಿ, ಒದ್ದೆ ಮಾಡಿ, ನಿಂತ ನೀರು ತೆಗೆದು, ಸಿಮೆಂಟ್ ಹಾಲು ಬಳಿದು, ಅದು ಒಣಗುವ ಮೊದಲೇ 1:4ರ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ಗಾರೆ ಹಾಕಿ. ಈ ಕೋಣೆಗೆ 60–65 ಕೆ.ಜಿ. ಸಿಮೆಂಟ್, 165–180 ಲೀಟರ್ ಮರಳು ಬೇಕು. ಗಾರೆಯ ಹದ: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೀರು ಹೆಚ್ಚಾದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ನಯವಾಗಿ ತೀಡಬೇಡಿ, ಮರದ ಕರಣೆಯಿಂದ ಒರಟಾಗಿ ಬಿಡಿ. ಗೋಡೆ ನೆಲ ಸೇರುವ ಮೂಲೆಗೆ 20–25 ಮಿ.ಮೀ. ಓರೆ ಪಟ್ಟಿ ಕೊಡಿ.

ಏಳು ದಿನ ಒದ್ದೆಯಾಗಿಟ್ಟು ಕ್ಯೂರಿಂಗ್. ಎಲ್ಲರೂ ದಿನ ಕಡಿತ ಮಾಡುವುದು ಇಲ್ಲೇ. ಮೂರನೇ ದಿನಕ್ಕೆ ಮುಂದಿನ ಕೆಲಸ ಹತ್ತಿಸಿದರೆ ಗಾರೆ ಮೇಲ್ಪದರದಲ್ಲಿ ಪುಡಿಯಾಗುತ್ತದೆ, ವಾಟರ್‌ಪ್ರೂಫಿಂಗ್ ಆ ಪುಡಿಗೆ ಅಂಟುತ್ತದೆಯೇ ಹೊರತು ನೆಲಕ್ಕಲ್ಲ.

ವಾಟರ್‌ಪ್ರೂಫಿಂಗ್, ಆಮೇಲೆ ನೀರಿನ ಪರೀಕ್ಷೆ

ಪುಡಿ ಮತ್ತು ದ್ರವ ಬೆರೆಸುವ ಎರಡು ಭಾಗದ ಪಾಲಿಮರ್ ಸಿಮೆಂಟ್ ಲೇಪ ಬಳಸಲು ಸುಲಭ. ಅದಕ್ಕೆ ನೆಲ ತೇವವಾಗಿದ್ದು ನೀರು ನಿಂತಿರಬಾರದು. ಪಾಲಿಯುರೆಥೇನ್ ಲೇಪಕ್ಕಾದರೆ ಇದಕ್ಕೆ ತದ್ವಿರುದ್ಧ, ನೆಲ ಪೂರ್ತಿ ಒಣಗಿರಬೇಕು. ಒಣಗಿದೆಯೇ ತಿಳಿಯಲು ಅರ್ಧ ಮೀಟರ್ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ, ಅಡಿಯಲ್ಲಿ ಹನಿ ಕಟ್ಟಿದರೆ ಇನ್ನೂ ಕಾಯಬೇಕು.

ಮೊದಲು ಮೂಲೆಗಳು, ಪೈಪು ಹೊರಬರುವ ಜಾಗಗಳು, ಟ್ರ್ಯಾಪಿನ ಅಂಚು. ಲೇಪ ಬಳಿದು, ಹಸಿಯಿರುವಾಗಲೇ ಫೈಬರ್ ಜಾಲರಿ ಪಟ್ಟಿ ಒತ್ತಿ, ಮೇಲೆ ಮತ್ತೆ ಬಳಿಯಿರಿ. ಟ್ರ್ಯಾಪಿನ ಬಾಯಿಯೊಳಗೂ ಸ್ವಲ್ಪ ಇಳಿಸಿ. ಆಮೇಲೆ ಇಡೀ ನೆಲ, ಗೋಡೆಯ ತೆರೆದ ಭಾಗ, ಹೊಸಿಲಿನ ಒಳಮೈ. ಎರಡನೇ ಕೋಟ್ ಮೊದಲನೆಯದಕ್ಕೆ ಅಡ್ಡ ದಿಕ್ಕಿನಲ್ಲಿ. ಒಣಗಿದ ಮೇಲೆ ಒಟ್ಟು ದಪ್ಪ 1–1.5 ಮಿ.ಮೀ. ಇರಬೇಕು, 1.5ಕ್ಕೆ ಈ ಅಳತೆಗೆ ಸುಮಾರು 15 ಕೆ.ಜಿ. ಲೇಪ ಹಿಡಿಯುತ್ತದೆ. ಅರ್ಧ ಡಬ್ಬಿ ಉಳಿಯಿತೆಂದರೆ ಪದರ ತೆಳುವಾಗಿದೆ ಎಂದೇ ಅರ್ಥ.

ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ದಿನ ಬಿಟ್ಟು, ಟ್ರ್ಯಾಪ್ ಮುಚ್ಚಿ, ಅತಿ ಎತ್ತರದ ಜಾಗದಲ್ಲೂ 25 ಮಿ.ಮೀ. ನಿಲ್ಲುವಷ್ಟು ನೀರು ತುಂಬಿಸಿ. ನೀರು ಹೊಸಿಲು ದಾಟುವಂತಿದ್ದರೆ ಅಲ್ಲಿ ತಾತ್ಕಾಲಿಕ ಕಟ್ಟೆ ಕಟ್ಟಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಡಿ. ಪಕ್ಕದಲ್ಲಿ ಅಷ್ಟೇ ನೀರಿರುವ ಅಗಲ ತಟ್ಟೆಯನ್ನೂ ಇಟ್ಟರೆ ಆವಿಯಾಗಿ ಹೋದದ್ದೆಷ್ಟು ಎಂದು ಗೊತ್ತಾಗುತ್ತದೆ. ತಟ್ಟೆಗಿಂತ ನೆಲದಲ್ಲಿ ಹೆಚ್ಚು ಇಳಿದಿದ್ದರೆ ಅಥವಾ ಕೆಳಗೆ ತೇವ ಕಂಡರೆ, ಮೊದಲು ಟ್ರ್ಯಾಪಿನ ಅಂಚು ನೋಡಿ. ಈ ಪರೀಕ್ಷೆ ಮುಗಿಯದೆ ಒಂದು ಟೈಲೂ ಕೂರಿಸಬಾರದು.

ಟೈಲ್ಸ್ ಕೂರಿಸುವುದು

ಅಂಟು ಕಲಸುವ ಮೊದಲು ಟೈಲ್ಸನ್ನು ಒಣಗಿದ್ದ ಹಾಗೇ ಹಾಸಿ ನೋಡಿ. ಹಳೆ ಮನೆಯ ಗೋಡೆಗಳು ಮೂಲೆಮಟ್ಟಕ್ಕೆ ಇರುವುದಿಲ್ಲ. 90, 120, 150 ಸೆಂ.ಮೀ. ತ್ರಿಕೋನ ಹಾಕಿ ಲಂಬ ಗೆರೆಗಳನ್ನು ಎಳೆದುಕೊಳ್ಳಿ, ಗೋಡೆಯನ್ನು ನಂಬಿ ಸಾಲು ಹಿಡಿಯಬೇಡಿ. ಬಾಗಿಲಿನಿಂದ ಕಾಣುವ ಕಡೆ ಪೂರ್ತಿ ಟೈಲ್ ಬರಲಿ, ಕತ್ತರಿಸಿದ್ದು ಕಮೋಡಿನ ಹಿಂದೆ ಹೋಗಲಿ, ಎಲ್ಲೂ ಮೂರನೇ ಒಂದಕ್ಕಿಂತ ಕಿರಿದಾದ ಚೂರು ಬೀಳದಿರಲಿ. ಟ್ರ್ಯಾಪಿನ ಸುತ್ತ ನಾಲ್ಕು ದಿಕ್ಕಿನಿಂದ ವಾಟ ಬರುವಲ್ಲಿ ಟೈಲನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಕೂರಿಸಬೇಕಾಗುತ್ತದೆ.

ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ಕಲಸಿ ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ. ಗಟ್ಟಿಯಾಗತೊಡಗಿದ ಅಂಟಿಗೆ ನೀರು ಸೇರಿಸಬೇಡಿ, ಎಸೆಯಿರಿ. ಅಂಟು ಬಳಸುವಾಗ ಟೈಲ್ಸನ್ನು ನೀರಲ್ಲಿ ನೆನೆಸುವ ಹಳೆ ಪದ್ಧತಿಯೂ ಬೇಡ. ಹಿಂಬದಿಯ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

8 ಮಿ.ಮೀ. ಹಲ್ಲಿನ ಕರಣೆಯಿಂದ ಅಂಟನ್ನು ಒಂದೇ ದಿಕ್ಕಿಗೆ ಗೀರಿ. ಟೈಲ್ ಇಟ್ಟು, ಗೀರುಗಳಿಗೆ ಅಡ್ಡವಾಗಿ ಆಚೆ ಈಚೆ ಒಂದಿಷ್ಟು ಸರಿಸಿ ಒತ್ತಿ. ಆಗ ಗೀರುಗಳ ನಡುವಿನ ಗಾಳಿ ಹೊರಹೋಗಿ ಅಂಟು ಕೂಡಿಕೊಳ್ಳುತ್ತದೆ. ಮೊದಲ ಎರಡು ಟೈಲನ್ನು ಕೂಡಲೇ ಎತ್ತಿ ಹಿಂಬದಿ ನೋಡಿ: ಒದ್ದೆ ಜಾಗದಲ್ಲಿ ಶೇ. 95 ಭಾಗಕ್ಕೆ ಅಂಟು ಹತ್ತಿರಬೇಕು. ಗೀರು ಹಾಗೇ ಕಂಡರೆ ದೊಡ್ಡ ಹಲ್ಲಿನ ಕರಣೆ ಹಿಡಿಯಿರಿ, ಇಲ್ಲವೇ ಟೈಲಿನ ಬೆನ್ನಿಗೂ ತೆಳುವಾಗಿ ಬಳಿಯಿರಿ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ನಡುವೆ ಒಂದು ಇಟ್ಟು ಒತ್ತುವುದು ವೇಗದ ಕೆಲಸವೇನೋ ಹೌದು. ಆದರೆ ಮುದ್ದೆಗಳ ನಡುವಿನ ಪೊಳ್ಳಿನಲ್ಲಿ ನೀರು ಸೇರಿ ವಾಸನೆ ಹಿಡಿಯುತ್ತದೆ, ಬಕೆಟ್ ಬಿದ್ದ ದಿನ ಟೈಲ್ ಬಿರಿಯುತ್ತದೆ.

ಒಂದು ಸಲಕ್ಕೆ ಒಂದು ಚದರ ಮೀಟರಿಗಿಂತ ಹೆಚ್ಚು ಅಂಟು ಹರಡಬೇಡಿ. ಇಪ್ಪತ್ತು ನಿಮಿಷದಲ್ಲಿ ಮೇಲೆ ಚರ್ಮ ಕಟ್ಟುತ್ತದೆ. ಬೆರಳಿಟ್ಟರೆ ಅಂಟು ಹತ್ತದಿದ್ದರೆ ಕೆರೆದು ಬಿಸಾಡಿ. ಸಂದಿ ಸಮನಾಗಿರಲು ಟೈಲ್ಸ್ ನಡುವೆ 3 ಮಿ.ಮೀ. ಸ್ಪೇಸರ್ ಇಡಿ, ಗೋಡೆಯ ಸುತ್ತ 5 ಮಿ.ಮೀ. ಸಂದಿ ಬಿಡಿ. ಎರಡು ಮೂರು ಟೈಲಿಗೊಮ್ಮೆ ರಸಮಟ್ಟ ಇಟ್ಟು ವಾಟ ನೋಡುತ್ತಿರಿ. ಸಂದಿಗೆ ಉಕ್ಕಿದ ಅಂಟನ್ನು ಹಸಿಯಿರುವಾಗಲೇ ಕೆರೆಯಿರಿ, ಗ್ರೌಟಿಗೆ ಟೈಲಿನ ಮೂರನೇ ಎರಡರಷ್ಟಾದರೂ ಆಳ ಬೇಕು. 24 ಗಂಟೆ ಯಾರೂ ಕಾಲಿಡಬಾರದು.

ಗ್ರೌಟ್ ಮತ್ತು ಅಂಚುಗಳು

ಗ್ರೌಟಿಗೆ ನೀರು ಹೆಚ್ಚಾದರೆ ಬಣ್ಣ ಮಚ್ಚೆಮಚ್ಚೆಯಾಗಿ, ಉಗುರಿಗೆ ಪುಡಿ ಬರುವಂತಾಗುತ್ತದೆ. ರಬ್ಬರ್ ಕರಣೆಯಿಂದ ಸಂದಿಗೆ ಓರೆಯಾಗಿ ತಳ್ಳಿ ತುಂಬಿ, ಹದಿನೈದು ಇಪ್ಪತ್ತು ನಿಮಿಷದ ಮೇಲೆ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ. ಎಪಾಕ್ಸಿ ಗ್ರೌಟ್ ನೀರು ಹೀರುವುದಿಲ್ಲ, ಕಲೆ ಹಿಡಿಯುವುದಿಲ್ಲ, ಸ್ನಾನದ ಜಾಗಕ್ಕೆ ಅದೇ ಮೇಲು. ಆದರೆ ಒಂದೆರಡು ಚದರ ಮೀಟರಿನಷ್ಟೇ ಬೆರೆಸಿ, ಕೂಡಲೇ ಒರೆಸುತ್ತ ಹೋಗಬೇಕು. ಟೈಲಿನ ಮೇಲೆ ಒಣಗಿತೆಂದರೆ ಬಿಡಿಸುವುದು ದೊಡ್ಡ ಪಾಡು.

ಗೋಡೆ ನೆಲ ಕೂಡುವ ಸುತ್ತಿನ ಸಂದಿಗೆ ಗ್ರೌಟ್ ತುಂಬಬೇಡಿ. ಗೋಡೆಯೂ ನೆಲವೂ ಬೇರೆಬೇರೆಯಾಗಿ ಅಲುಗುವ ಜಾಗ ಅದು, ಗ್ರೌಟ್ ಕೂದಲೆಳೆಯಷ್ಟು ಬಿರಿದರೂ ನೀರಿಗೆ ಅಷ್ಟು ಸಾಕು. ಬೂಷ್ಟು ನಿರೋಧಕ ಸಿಲಿಕೋನ್ ತುಂಬಿ, ಒಂದು ದಿನ ನೀರು ಸೋಕಿಸಬೇಡಿ.

ಕಮೋಡನ್ನು ಮತ್ತೆ ಸಿಮೆಂಟಿನಲ್ಲಿ ಹೂಳಬೇಡಿ, ಬೋಲ್ಟ್ ಹಾಕಿ ಕೂರಿಸಿ. ಬೋಲ್ಟಿನ ತೂತು ಕೊರೆಯುವಾಗ ವಾಟರ್‌ಪ್ರೂಫಿಂಗ್ ಪದರಕ್ಕೂ ತೂತು ಬೀಳುತ್ತದೆ, ಬೋಲ್ಟ್ ಇಳಿಸುವ ಮೊದಲು ಅದರೊಳಗೆ ಸಿಲಿಕೋನ್ ತುಂಬಿ. ನೆಲದ ಮಟ್ಟ ಬದಲಾಗಿದ್ದರೆ ಹೊರಪೈಪಿನ ಕನೆಕ್ಟರೂ ಹೊಂದುವಂಥದ್ದು ಬೇಕು, ಹಳೆಯದನ್ನೇ ಎಳೆದು ಕೂಡಿಸಿದರೆ ಸೋರುತ್ತದೆ. ಬುಡದ ಸುತ್ತ ಸಿಲಿಕೋನ್ ಎಳೆಯುವಾಗ ಹಿಂಬದಿಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಡಿ. ಮುಂದೆ ಎಂದಾದರೂ ಜೋಡಣೆ ಸೋರಿದರೆ ನೀರು ಅಲ್ಲಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ, ಬುಡದಡಿ ಇಂಗುವುದಿಲ್ಲ.

ಟೈಲ್ಸ್ ಮೇಲೆ ಉಳಿದ ಬಿಳಿ ಮಬ್ಬನ್ನು ತೆಗೆಯಲು ಆ್ಯಸಿಡ್ ಸುರಿಯುವವರಿದ್ದಾರೆ. ಸಿಮೆಂಟ್ ಗ್ರೌಟನ್ನು ಮೊದಲು ತಿನ್ನುವುದೇ ಅದು. ಗ್ರೌಟ್ ಹಾಕಿದ ಮಾರನೇ ದಿನ ಒಣ ಬಟ್ಟೆಯಿಂದ ಉಜ್ಜಿ, ಹೋಗದಿದ್ದರೆ ಒಂದೆರಡು ವಾರ ಬಿಟ್ಟು ಆ ಮಬ್ಬಿಗೆಂದೇ ಬರುವ ಸೌಮ್ಯ ದ್ರಾವಣವನ್ನು ತೆಳುವಾಗಿ ಬಳಸಿ, ಕೂಡಲೇ ತೊಳೆಯಿರಿ.